ಬೂಟು ಕಳಚಿದ ಕಾಲಿನ ಗೋಲು

ನಮ್ಮ ಅಜೆಕಾರು ಕಾಲ್ಚೆಂಡಿಗೆ ಹೆಸರಾದ ಊರಲ್ಲ. ಕಾರ್ಕಳ ಸೀಮೆಯ ಇತರ ಊರುಗಳಂತೆ ಇಲ್ಲಿಯೂ ಸಂಜೆಯ ಹೊತ್ತು ಮೈದಾನವನ್ನು ಆಳುವುದು ಕ್ರಿಕೆಟ್ ಮತ್ತು ವಾಲಿಬಾಲ್. ಕಬಡ್ಡಿಗೂ ಅದರ ಪಾಲು ಇದೆ. ಆದರೆ ಆಟಿ ತಿಂಗಳ ಮಳೆ ಹಿಡಿದು ನೆಲವೆಲ್ಲ ಕೆಸರಾದಾಗ ಕ್ರಿಕೆಟ್ ಮನೆ ಸೇರುತ್ತದೆ, ಫುಟ್‌ಬಾಲ್ ಹೊರಗೆ ಬರುತ್ತದೆ. ಹಡಿಲು ಬಿದ್ದ ಗದ್ದೆಯಾದರೂ ಸರಿ, ಮುರಕಲ್ಲಿನ ಬಯಲಾದರೂ ಸರಿ. ನಾಲ್ಕು ವರ್ಷಗಳಿಗೊಮ್ಮೆ ವಿಶ್ವಕಪ್ ಬಂತೆಂದರೆ ಈ ಜ್ವರಕ್ಕೆ ಮದ್ದಿಲ್ಲ.

ಭಾನುವಾರದ ಪೂಜೆಯ ಬಳಿಕ ಧರ್ಮೋಪದೇಶ ತರಗತಿಯ ಮಕ್ಕಳು ನನ್ನನ್ನು ಕೇಳುವ ಪ್ರಶ್ನೆಗಳಲ್ಲಿ ಸ್ವರ್ಗ ನರಕಗಳಿಗಿಂತ ಜೆರ್ಸಿ, ಬೂಟುಗಳೇ ಹೆಚ್ಚು. "ಫಾದರ್, ಗೋಲ್‌ಕೀಪರಿಗೆ ಮಾತ್ರ ಬೇರೆ ಬಣ್ಣದ ಅಂಗಿ ಯಾಕೆ?" "ಹತ್ತನೇ ನಂಬರಿಗೆ ಯಾಕೆ ಅಷ್ಟು ಮರ್ಯಾದೆ?" "ಬೆವರಿದ ಅಂಗಿಯನ್ನು ಬದಲಾಯಿಸಿಕೊಳ್ಳುತ್ತಾರಲ್ಲ, ವಾಸನೆ ಬರುವುದಿಲ್ಲವೇ?" ಗುರುಮಠದಲ್ಲಿ ತತ್ವಶಾಸ್ತ್ರ, ದೈವಶಾಸ್ತ್ರಗಳನ್ನು ಓದುತ್ತ ವರ್ಷಗಳನ್ನು ಕಳೆದವನಿಗೆ ಇವೆಲ್ಲ ಪಠ್ಯದ ಹೊರಗಿನ ಪ್ರಶ್ನೆಗಳು. ಆದರೂ ಮಕ್ಕಳ ಪ್ರಶ್ನೆಯನ್ನು ನಗೆಯಲ್ಲಿ ತೇಲಿಸಿಬಿಡುವುದು ನನಗೆ ಸೇರದು. ಪುಸ್ತಕಗಳನ್ನು ತಿರುವಿದೆ, ತಿಳಿದವರನ್ನು ಕೇಳಿದೆ. ಹುಡುಕುತ್ತ ಹೋದಂತೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಈ ಆಟದ ಉಡುಗೆಯ ಒಂದೊಂದು ತುಂಡಿನ ಹಿಂದೆಯೂ, ಒಂದೊಂದು ಪದ್ಧತಿಯ ಹಿಂದೆಯೂ ಯಾರಿಗೋ ಆಗಿದ್ದ ಒಂದು ತೊಂದರೆ ಅಡಗಿದೆ.

ಬಣ್ಣದಿಂದಲೇ ಆರಂಭಿಸೋಣ. ನಮ್ಮ ಹುಡುಗರು ತಂಡ ಕಟ್ಟುವ ಕ್ರಮ ಬಹಳ ಸರಳ. ಒಂದು ತಂಡ ಅಂಗಿ ತೊಟ್ಟಿರುತ್ತದೆ, ಇನ್ನೊಂದು ಅಂಗಿ ಕಳಚಿ ಬರಿಮೈಯಲ್ಲಿ ಆಡುತ್ತದೆ. ಅರ್ಧ ಗಂಟೆಯೊಳಗೆ ಕೆಸರು ಮೆತ್ತಿಕೊಂಡು ಇಬ್ಬರೂ ಒಂದೇ ಬಣ್ಣಕ್ಕೆ ತಿರುಗುತ್ತಾರೆ. ಆಮೇಲೆ ಎದುರಾಳಿಗೇ ಚೆಂಡು ಕೊಟ್ಟವನ ಮೇಲೆ ಬೈಗುಳದ ಮಳೆ. 19ನೆಯ ಶತಮಾನದ ಇಂಗ್ಲೆಂಡಿನಲ್ಲಿಯೂ ಇದೇ ಕಥೆ. ಆರಂಭದ ದಿನಗಳಲ್ಲಿ ಆಟಗಾರರು ತಮ್ಮಲ್ಲಿದ್ದ ಬಟ್ಟೆಯಲ್ಲಿಯೇ ಆಡಲು ಬರುತ್ತಿದ್ದರು. ತಲೆಯ ಟೊಪ್ಪಿಯ ಬಣ್ಣದಿಂದಲೋ ಕಾಲುಚೀಲದ ಬಣ್ಣದಿಂದಲೋ ಯಾರು ಯಾವ ಕಡೆಯವರೆಂದು ಊಹಿಸಬೇಕಿತ್ತು. ಇಡೀ ತಂಡಕ್ಕೆ ಒಂದೇ ಬಗೆಯ ಅಂಗಿ ಬಂದದ್ದು ಈ ಗೊಂದಲವನ್ನು ನೀಗಿಸಲೆಂದೇ. ಜೆರ್ಸಿ ಎಂಬ ಮಾತೇ ಇಂಗ್ಲಿಷ್ ಕಡಲ್ಗಾಲುವೆಯಲ್ಲಿರುವ ಜೆರ್ಸಿ ದ್ವೀಪದಿಂದ ಬಂದದ್ದು. ಅಲ್ಲಿನ ಜನ ಹೆಣೆಯುತ್ತಿದ್ದ ಉಣ್ಣೆಯ ದಪ್ಪ ಅಂಗಿಗೆ ಆ ಹೆಸರು. ಚಳಿಗೆ ತೊಡುವ ಆ ಉಣ್ಣೆಯಂಗಿಯ ಹೆಸರನ್ನು ಅತ್ತೂರು ಸಾಂತ್‌ಮಾರಿಯ ಸಂತೆಯಲ್ಲಿ ಹಗ್ಗಕ್ಕೆ ತೂಗಿಬಿಟ್ಟ ತೆಳು ನೈಲಾನಿನ ಅಂಗಿಗಳು ಹೊತ್ತಿರುವುದನ್ನು ಕಂಡಾಗಲೆಲ್ಲ ನನಗೆ ನಗು ಬರುತ್ತದೆ.

ಇಟಲಿಯ ಯುವೆಂಟಸ್ ತಂಡದ ಕಪ್ಪು ಬಿಳಿ ಪಟ್ಟೆಗಳ ಕಥೆ ಮಕ್ಕಳಿಗೆ ಬಹಳ ಇಷ್ಟ. ಆರಂಭದಲ್ಲಿ ಅವರದು ಗುಲಾಬಿ ಅಂಗಿ. ತೊಳೆದು ತೊಳೆದು ಅದು ಬಣ್ಣಗೆಟ್ಟಿತು. 1903ರಲ್ಲಿ ಆ ತಂಡದಲ್ಲಿದ್ದ ಇಂಗ್ಲಿಷಿನವರೊಬ್ಬರ ಮೂಲಕ ಹೊಸ ಅಂಗಿಗಳಿಗಾಗಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿಗೆ ಬರೆದರು. ಅಲ್ಲಿಂದ ಬಂದದ್ದು ನಾಟ್ಸ್ ಕೌಂಟಿ ತಂಡದ ಕಪ್ಪು ಬಿಳಿ ಪಟ್ಟೆಯ ಅಂಗಿ. ಬಂದದ್ದನ್ನೇ ತೊಟ್ಟರು; ಇಂದಿಗೂ ತೊಡುತ್ತಿದ್ದಾರೆ. ಬ್ರೆಜಿಲಿನ ಹಳದಿ ಅಂಗಿಯ ಹಿಂದೆ ಇರುವುದು ಕಣ್ಣೀರು. 1950ರ ವಿಶ್ವಕಪ್ಪಿನ ಕೊನೆಯ ಪಂದ್ಯದಲ್ಲಿ ಬಿಳಿ ಅಂಗಿ ತೊಟ್ಟಿದ್ದ ಬ್ರೆಜಿಲ್, ತನ್ನದೇ ನೆಲದಲ್ಲಿ, ರಿಯೊ ನಗರದ ಮರಕಾನ ಕ್ರೀಡಾಂಗಣದಲ್ಲಿ ಉರುಗ್ವೆಗೆ ಸೋತಿತು. ಆ ಬಿಳಿ ಅಂಗಿಯೇ ಅಪಶಕುನವೆಂದು ಜನ ನೊಂದುಕೊಂಡರು. 1953ರಲ್ಲಿ ಪತ್ರಿಕೆಯೊಂದು ಹೊಸ ಅಂಗಿಗಾಗಿ ಸ್ಪರ್ಧೆ ನಡೆಸಿತು. ದೇಶದ ಧ್ವಜದ ನಾಲ್ಕೂ ಬಣ್ಣಗಳು ಅದರಲ್ಲಿರಬೇಕೆಂಬುದು ನಿಯಮ. ಗೆದ್ದವನು ಆಲ್ಡಿರ್ ಶ್ಲೀ ಎಂಬ ಹದಿಹರೆಯದ ಹುಡುಗ. ಅವನ ಮನೆ ಇದ್ದದ್ದು ಉರುಗ್ವೆಯ ಗಡಿಗೆ ತಾಗಿದ ಊರಿನಲ್ಲಿ. ಅವನ ಮನಸ್ಸಿದ್ದದ್ದೂ ಉರುಗ್ವೆ ತಂಡದ ಕಡೆಗೇ! ಗಡಿನಾಡಿನವರ ಮನಸ್ಸು ಎರಡು ಕಡೆ ಹರಿಯುವುದನ್ನು ಬಲ್ಲ ಕರಾವಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನು ಗೋಲ್‌ಕೀಪರನ ಅಂಗಿ. ತಂಡದಲ್ಲಿ ಚೆಂಡನ್ನು ಕೈಯಿಂದ ಮುಟ್ಟಬಲ್ಲವನು ಅವನೊಬ್ಬನೇ. ಆದರೆ 1909ರವರೆಗೆ ಅವನೂ ಉಳಿದವರಂತೆಯೇ ಉಡುಗೆ ತೊಡುತ್ತಿದ್ದ. ಗೋಲಿನ ಮುಂದೆ ಹತ್ತು ಜನ ಮುಗಿಬಿದ್ದಾಗ ಚೆಂಡು ಮುಟ್ಟಿದ ಕೈ ಯಾರದೆಂದು ತೀರ್ಪುಗಾರರಿಗೆ ತಿಳಿಯುತ್ತಿರಲಿಲ್ಲ. 1912ರವರೆಗೆ ಅವನು ತನ್ನ ಅರ್ಧ ಮೈದಾನದಲ್ಲಿ ಎಲ್ಲಿ ಬೇಕಾದರೂ ಚೆಂಡನ್ನು ಕೈಯಲ್ಲಿ ಹಿಡಿಯಬಹುದಿತ್ತು ಎಂಬುದನ್ನು ನೆನೆದರೆ ತೀರ್ಪುಗಾರನ ಸಂಕಟ ಇನ್ನಷ್ಟು ಅರ್ಥವಾದೀತು. ಹೀಗಾಗಿ ಅವನಿಗೆ ಬೇರೆ ಬಣ್ಣ. ಯಕ್ಷಗಾನದಲ್ಲಿ ಕಿರೀಟ, ಮುಖವರ್ಣಿಕೆಗಳನ್ನು ನೋಡಿಯೇ ಬಂದವರು ರಾಜರೋ ರಕ್ಕಸರೋ ಎಂದು ಹೇಳಬಲ್ಲ ನಮ್ಮ ಮಕ್ಕಳಿಗೆ ಇದು ಥಟ್ಟನೆ ಹೊಳೆಯಿತು. ಸಂತ ಎರಡನೇ ಜಾನ್ ಪೌಲರು ಪೋಲೆಂಡಿನ ತಮ್ಮ ಹುಟ್ಟೂರು ವಾದೊವಿಚೆಯಲ್ಲಿ ಬಾಲಕರಾಗಿದ್ದಾಗ ಗೋಲ್‌ಕೀಪರ್ ಆಗಿದ್ದರೆಂದು ಹೇಳಿದ ಮೇಲೆ, ಗೋಲಿನಲ್ಲಿ ನಿಲ್ಲಲು ಒಲ್ಲೆನೆನ್ನುತ್ತಿದ್ದ ಇಬ್ಬರು ಹುಡುಗರು ಕೈ ಎತ್ತಿದರು. ಪೋಪರ ಹೆಸರಿಗೆ ಅಷ್ಟರಮಟ್ಟಿನ ಉಪಯೋಗವಂತೂ ಆಯಿತು.

ಬೆನ್ನಿನ ಸಂಖ್ಯೆಯ ಕಥೆಯೂ ಹೀಗೆಯೇ. ಮೈದಾನದ ಅಂಚಿನಲ್ಲಿ ಕುಳಿತವರಿಗೆ ಓಡುತ್ತಿರುವವರು ಯಾರೆಂದು ತಿಳಿಯುತ್ತಿರಲಿಲ್ಲ. 1928ರ ಆಗಸ್ಟ್ 25ರಂದು ಇಂಗ್ಲೆಂಡಿನ ಆರ್ಸೆನಲ್ ಮತ್ತು ಚೆಲ್ಸಿ ತಂಡಗಳು ತಮ್ಮ ತಮ್ಮ ಪಂದ್ಯಗಳಲ್ಲಿ ಸಂಖ್ಯೆ ಹೊತ್ತು ಆಡಿದವು. 1933ರ ಎಫ್.ಎ. ಕಪ್ ಅಂತಿಮ ಪಂದ್ಯದಲ್ಲಿ ಎವರ್ಟನ್ನಿಗೆ 1ರಿಂದ 11, ಮ್ಯಾಂಚೆಸ್ಟರ್ ಸಿಟಿಗೆ 12ರಿಂದ 22. ಆಮೇಲೂ ಸಂಪ್ರದಾಯಸ್ಥರು ಒಪ್ಪಲಿಲ್ಲ. ಕುದುರೆಗಳಿಗೆ ಹಾಕಿದಂತೆ ಮನುಷ್ಯರಿಗೆ ಸಂಖ್ಯೆಯೇ ಎಂಬ ಅಸಮಾಧಾನ. ಇಂಗ್ಲಿಷ್ ಲೀಗ್ ಅದನ್ನು ಕಡ್ಡಾಯ ಮಾಡಿದ್ದು 1939ರಲ್ಲಿ. ಮೊದಮೊದಲು ಸಂಖ್ಯೆ ಹೇಳುತ್ತಿದ್ದದ್ದು ಆಟಗಾರನ ಸ್ಥಾನವನ್ನು, ಅವನ ಹಿರಿಮೆಯನ್ನಲ್ಲ. ಹತ್ತನೆಯ ಸಂಖ್ಯೆಗೆ ಮಹಿಮೆ ತಂದ ಪೆಲೆಗೆ 1958ರಲ್ಲಿ ಅದು ದೊರೆತದ್ದೂ ಆಕಸ್ಮಿಕವಾಗಿ. ಬ್ರೆಜಿಲಿನವರು ಸಂಖ್ಯೆ ನಮೂದಿಸದೆ ಹೆಸರುಗಳನ್ನು ಕಳುಹಿಸಿದ್ದರಿಂದ ಬೇರೆಯವರು ಹಂಚಿದರೆನ್ನುತ್ತಾರೆ. ಆ ಹಂಚಿಕೆಯಲ್ಲಿ ಗೋಲ್‌ಕೀಪರ್ ಗಿಲ್ಮಾರ್ ಅವರಿಗೆ ಸಿಕ್ಕಿದ್ದು 3. ಅರ್ಜೆಂಟೀನಾದವರು 1982ರಲ್ಲಿ ಹೆಸರಿನ ಅಕ್ಷರಕ್ರಮದಲ್ಲಿ ಸಂಖ್ಯೆ ಹಂಚಿದ್ದರಿಂದ ಗೋಲ್‌ಕೀಪರನದೆಂದು ನಾವು ತಿಳಿದ 1 ಮಧ್ಯ ಮೈದಾನದ ಆರ್ಡಿಲೆಸ್ ಪಾಲಾಯಿತು. ಆದರೆ ಮರಡೋನಾಗೆ ಮಾತ್ರ ಅಕ್ಷರಕ್ರಮ ಮುರಿದು 10 ಕೊಟ್ಟರು. ನಿಯಮ ಎಲ್ಲರಿಗೂ ಒಂದೇ ಎಂದು ಹೇಳಿ ಒಬ್ಬರಿಗೆ ಸಡಿಲಿಸುವುದು ಎಲ್ಲ ಸಮಿತಿಗಳಲ್ಲಿಯೂ ಉಂಟಷ್ಟೆ.

ಬೆನ್ನಿನ ಮೇಲೆ ಹೆಸರು ಬರೆಯುವ ರೂಢಿ ಬಂದದ್ದು ತೀರಾ ಈಚೆಗೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಅದನ್ನು ಜಾರಿಗೆ ತಂದದ್ದು 1993ರಲ್ಲಿ. ಎದೆಯ ಮೇಲಿರುವುದು ತಂಡದ ಗುರುತು, ಬೆನ್ನಿನ ಮೇಲಿರುವುದು ತನ್ನ ಹೆಸರು. ತಮಾಷೆಯೆಂದರೆ ತೊಟ್ಟವನಿಗೆ ತನ್ನ ಹೆಸರು ಕಾಣುವುದಿಲ್ಲ. ಎದೆಯ ಹೆಸರಿನ ಬೆಲೆ ಏನೆಂಬುದನ್ನು ನಮ್ಮ ರಾಜ್ಯದ ತಂಡ ಬಲ್ಲದು. ಸಂತೋಷ್ ಟ್ರೋಫಿಯನ್ನು ನಮ್ಮವರು 1968-69ರಲ್ಲಿ ಗೆದ್ದಾಗ ತಂಡದ ಹೆಸರು ಮೈಸೂರು. 1973ರಲ್ಲಿ ರಾಜ್ಯದ ಹೆಸರು ಬದಲಾಯಿತು. ಕರ್ನಾಟಕವೆಂಬ ಹೆಸರಿನಲ್ಲಿ ಅದೇ ಕಪ್ ಮತ್ತೆ ಕೈಗೆ ಬಂದದ್ದು 2023ರ ಮಾರ್ಚ್‌ನಲ್ಲಿ, ಸೌದಿ ಅರೇಬಿಯಾದ ರಿಯಾದಿನಲ್ಲಿ, ಮೇಘಾಲಯವನ್ನು 3-2ರಿಂದ ಸೋಲಿಸಿದಾಗ. ನಡುವೆ 54 ವರ್ಷಗಳು ಸಂದಿದ್ದವು.

ತೀರ್ಪುಗಾರರ ಕಾರ್ಡುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಕ್ಕಳಿಗೆ ಅದು ನನಗಿಂತ ಚೆನ್ನಾಗಿ ಗೊತ್ತು. 1966ರ ವಿಶ್ವಕಪ್ಪಿನಲ್ಲಿ ಇಂಗ್ಲೆಂಡ್ ಮತ್ತು ಅರ್ಜೆಂಟೀನಾ ಪಂದ್ಯದಲ್ಲಿ ಭಾಷೆ ತಿಳಿಯದೆ ಯಾರಿಗೆ ಎಚ್ಚರಿಕೆ ಕೊಟ್ಟರೆಂಬುದೇ ಗೊಂದಲವಾಯಿತು. ತೀರ್ಪುಗಾರರ ಮೇಲ್ವಿಚಾರಕರಾಗಿದ್ದ ಕೆನ್ ಆಸ್ಟನ್ ವೃತ್ತಿಯಲ್ಲಿ ಶಾಲಾ ಶಿಕ್ಷಕರು. ಲಂಡನ್ ಬೀದಿಯ ಸಂಚಾರ ದೀಪದ ಬಳಿ ಕಾರು ನಿಲ್ಲಿಸಿದ್ದಾಗ ಅವರಿಗೆ ಹಳದಿ, ಕೆಂಪು ಬಣ್ಣಗಳ ಉಪಾಯ ಹೊಳೆಯಿತು. 1970ರಲ್ಲಿ ಮೆಕ್ಸಿಕೊದ ವಿಶ್ವಕಪ್ಪಿಗೆ ಕಾರ್ಡುಗಳು ಬಂದವು. ಆ ಇಡೀ ಪಂದ್ಯಾವಳಿಯಲ್ಲಿ ಒಮ್ಮೆಯೂ ಕೆಂಪು ಕಾರ್ಡನ್ನು ಹೊರತೆಗೆಯಬೇಕಾಗಲಿಲ್ಲ ಎಂಬುದನ್ನು ಮಾತ್ರ ನಮ್ಮ ಹುಡುಗರು ನಂಬುವುದಿಲ್ಲ.

ಅಂಗಿ ಬದಲಾಯಿಸಿಕೊಳ್ಳುವ ಪದ್ಧತಿಗೆ ಬರೋಣ. 1931ರಲ್ಲಿ ಫ್ರಾನ್ಸ್ ಮೊದಲ ಬಾರಿಗೆ ಇಂಗ್ಲೆಂಡನ್ನು 5-2ರಿಂದ ಸೋಲಿಸಿದಾಗ, ಆ ಸಂತಸದ ನೆನಪಿಗಾಗಿ ಫ್ರೆಂಚ್ ಆಟಗಾರರು ಸೋತವರ ಅಂಗಿಗಳನ್ನು ಕೇಳಿ ಪಡೆದರೆಂದು ಇದರ ಆರಂಭವನ್ನು ಹೇಳುತ್ತಾರೆ. 1966ರಲ್ಲಿ ಅರ್ಜೆಂಟೀನಾದ ಆಟಗಾರನೊಂದಿಗೆ ಅಂಗಿ ಬದಲಾಯಿಸಹೊರಟ ತನ್ನ ಆಟಗಾರನನ್ನು ಇಂಗ್ಲೆಂಡಿನ ತರಬೇತುದಾರ ಆಲ್ಫ್ ರ‍್ಯಾಮ್ಸೆ ಹಿಡಿದೆಳೆದು ತಡೆದರು. ಆ ಜಗ್ಗಾಟದ ಛಾಯಾಚಿತ್ರ ಇಂದಿಗೂ ಇದೆ. ನಾಲ್ಕು ವರ್ಷಗಳ ಬಳಿಕ, 1970ರಲ್ಲಿ, ಪೆಲೆ ಮತ್ತು ಇಂಗ್ಲೆಂಡಿನ ನಾಯಕ ಬಾಬಿ ಮೂರ್ ಪಂದ್ಯದ ಕೊನೆಗೆ ಬರಿಮೈಯಲ್ಲಿ, ಕೈಯಲ್ಲಿ ಅಂಗಿ ಹಿಡಿದು ಒಬ್ಬರನ್ನೊಬ್ಬರು ನೋಡಿ ನಗುತ್ತಿರುವ ಚಿತ್ರವೂ ಇದೆ. ಈ ಎರಡು ಚಿತ್ರಗಳನ್ನು ಮಕ್ಕಳಿಗೆ ತೋರಿಸಿ ಸುಮ್ಮನಾಗಿಬಿಟ್ಟೆ. ವಾಸನೆಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಇರಬೇಕು, ಬಂದೇ ಬರುತ್ತದೆ.

ಹುಡುಗರು ಕೇಳುವ ಒಂದು ಪ್ರಶ್ನೆ ನನ್ನ ಕೆಲಸಕ್ಕೇ ಹತ್ತಿರವಾದದ್ದು. ಕೊರಳಿನ ಶಿಲುಬೆಯ ಸರವನ್ನು ಯಾಕೆ ತೆಗೆಸುತ್ತಾರೆ? ನಿಯಮದ ಪುಸ್ತಕದಲ್ಲಿ ಹದಿನೇಳು ನಿಯಮಗಳಿವೆ; ಉಡುಗೆಯ ಬಗ್ಗೆ ಇರುವುದು ನಾಲ್ಕನೆಯದು. ಸರ, ಉಂಗುರ, ಬಳೆ, ಓಲೆ ಮುಂತಾದ ಆಭರಣಗಳನ್ನು ಕಳಚಿಡಬೇಕೆಂದು ಅದು ಹೇಳುತ್ತದೆ. ಇದರಲ್ಲಿ ಧರ್ಮದ್ವೇಷವೇನೂ ಇಲ್ಲ. ಓಡುವವನ ಸರಕ್ಕೆ ಇನ್ನೊಬ್ಬನ ಬೆರಳು ಸಿಕ್ಕಿಕೊಂಡರೆ ಕೊರಳೂ ಹೋದೀತು, ಬೆರಳೂ ಹೋದೀತು. ಶಿಲುಬೆಯಾದರೂ ತಾಯಿತವಾದರೂ ಲೋಹ ಲೋಹವೇ. ಒಬ್ಬ ತಾಯಿ ಇದರಿಂದ ನೊಂದು ನನ್ನ ಬಳಿ ಬಂದಿದ್ದರು: "ಮಗನ ಕೊರಳು ಬರಿದು ಮಾಡಿ ಕಳಿಸುವುದು ಹೇಗೆ ಫಾದರ್?" "ನೀವು ಗಡಿಯಾರ ನೋಡಿ ಆ ಒಂದು ಗಂಟೆ ಅವನಿಗಾಗಿ ಜಪಸರ ಹಿಡಿಯಿರಿ, ಅವನ ಕೊರಳಿನದು ನಿಮ್ಮ ಕೈಯಲ್ಲಿರಲಿ" ಎಂದೆ. ಅವರಿಗೆ ಸಮಾಧಾನವಾಯಿತು. ಅದೇ ನಿಯಮ ಮಾಡುವವರು 2014ರಲ್ಲಿ ತಲೆವಸ್ತ್ರಕ್ಕೂ ಸಿಖ್ಖರ ಮುಂಡಾಸಿಗೂ ಅನುಮತಿ ನೀಡಿದ್ದನ್ನು ಇಲ್ಲಿ ಹೇಳಬೇಕು. ಅಪಾಯವಿಲ್ಲವೆಂದು ಕಂಡದ್ದನ್ನು ತಡೆಯಲಿಲ್ಲ. ಅದೇ ವರ್ಷ ಒಳಅಂಗಿಯ ಮೇಲೆ ಯಾವ ಬರಹವನ್ನೂ ತೋರಿಸಕೂಡದೆಂದೂ ಬಿಗಿಮಾಡಿದರು. ಬ್ರೆಜಿಲಿನ ಕಾಕಾ 2002 ಮತ್ತು 2007ರಲ್ಲಿ ಗೆದ್ದಾಗ ತಾನು ಯೇಸುವಿಗೆ ಸೇರಿದವನೆಂಬ ಬರಹದ ಅಂಗಿಯನ್ನು ತೋರಿಸಿದ್ದು ಅನೇಕರಿಗೆ ನೆನಪಿರಬಹುದು. ಇಂದಾದರೆ ಅದಕ್ಕೆ ಅವಕಾಶವಿಲ್ಲ. ಗುರುವಾಗಿ ನನಗೆ ಇದರಲ್ಲಿ ದುಃಖವಾಗಬೇಕೇನೋ, ಆಗಲಿಲ್ಲ. ಬರಹಕ್ಕೆ ಅವಕಾಶವಾದರೆ ನಾಳೆ ಅದು ಜಗಳದ ಬರಹವೂ ಆದೀತು. ಮೈದಾನಕ್ಕಿಳಿಯುವಾಗ ನೆಲ ಮುಟ್ಟಿ ಹಣೆಗೊತ್ತಿಕೊಳ್ಳುವುದನ್ನು, ಶಿಲುಬೆಯ ಗುರುತು ಮಾಡುವುದನ್ನು ಯಾರೂ ತಡೆದಿಲ್ಲ. ನೆಲಕ್ಕೆ ನಮಸ್ಕರಿಸುವವನು ಹಿಂದೂ ಹುಡುಗನೋ ಕ್ರೈಸ್ತ ಹುಡುಗನೋ ಎಂದು ನಮ್ಮೂರಿನಲ್ಲಿ ದೂರದಿಂದ ಹೇಳಲಾಗುವುದಿಲ್ಲ. ಇಬ್ಬರೂ ಅದನ್ನು ಕಂಬಳದ ಗದ್ದೆಯಂಚಿನಲ್ಲಿ ಕಲಿತವರು.

ಕೆಲವು ದೊಡ್ಡ ತಂಡಗಳು ಹುಟ್ಟಿದ್ದೇ ನಮ್ಮಂಥವರ ಅಂಗಳದಲ್ಲಿ. ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದ ಸೆಲ್ಟಿಕ್ ತಂಡವನ್ನು 1887ರಲ್ಲಿ ಕಟ್ಟಿದವರು ಮಾರಿಸ್ಟ್ ಸಭೆಯ ಬ್ರದರ್ ವಾಲ್‌ಫ್ರಿಡ್. ನಗರದ ಪೂರ್ವಭಾಗದ ಬಡ ಮಕ್ಕಳಿಗೆ ಊಟ ಹಾಕಲು ಹಣ ಬೇಕಾಗಿತ್ತು. ಪಂದ್ಯದ ಟಿಕೇಟಿನಿಂದ ಅದನ್ನು ಕೂಡಿಸುವುದು ಅವರ ಯೋಜನೆ. ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಸಲೇಸಿಯನ್ ಗುರು ಲೊರೆಂಜೊ ಮಾಸ್ಸಾ ಬೀದಿಯಲ್ಲಿ ಚೆಂಡಾಡುತ್ತಿದ್ದ ಹುಡುಗರನ್ನು ಚರ್ಚಿನ ಅಂಗಳಕ್ಕೆ ಕರೆದರು; ಭಾನುವಾರ ಪೂಜೆಗೆ ಬರಬೇಕೆಂಬುದಷ್ಟೇ ಷರತ್ತು. 1908ರಲ್ಲಿ ಅದು ಸಾನ್ ಲೊರೆಂಜೊ ತಂಡವಾಯಿತು. ಪೋಪ್ ಫ್ರಾನ್ಸಿಸರು ಬಾಲ್ಯದಿಂದ ಪ್ರೀತಿಸಿದ ತಂಡ ಅದು. ಅವರು 2025ರ ಏಪ್ರಿಲ್ 21ರಂದು ತೀರಿಕೊಂಡಾಗ, ಅವರ ಸದಸ್ಯತ್ವದ ಸಂಖ್ಯೆ 88235 ಎಂದೂ, ಅವರ ವಯಸ್ಸು 88, ಅರ್ಜೆಂಟೀನಾದ ಗಡಿಯಾರದಲ್ಲಿ ಆಗ 2 ಗಂಟೆ 35 ನಿಮಿಷವೆಂದೂ ಲೋಕವೆಲ್ಲ ಬೆರಗಾಯಿತು. ನಮ್ಮ ಹುಡುಗರು ಇದನ್ನು ಪವಾಡವೆಂದೇ ನಂಬಿ ಬಂದರು. "ಮಗಾ, ಇದು ಲೆಕ್ಕದ ಕಾಕತಾಳೀಯ, ಪವಾಡಕ್ಕೆ ಇದಕ್ಕಿಂತ ಹೆಚ್ಚು ಕೆಲಸ ಇರುತ್ತದೆ" ಎಂದೆ. ಅವರ ಮುಖ ಸ್ವಲ್ಪ ಬಾಡಿತು.

ಇಷ್ಟೆಲ್ಲ ಅಂಗಿಯ ಕಥೆ. ಬೂಟಿನ ಕಥೆ ಬೇರೆ. ನಮ್ಮ ದೇಶದಲ್ಲಂತೂ ಅದು ಬಡತನದೊಂದಿಗೂ ಅಭಿಮಾನದೊಂದಿಗೂ ಹೆಣೆದುಕೊಂಡದ್ದು. 1911ರ ಜುಲೈ 29ರಂದು ಕಲ್ಕತ್ತೆಯಲ್ಲಿ ಮೋಹನ್ ಬಗಾನ್ ತಂಡ ಬ್ರಿಟಿಷ್ ಸೈನಿಕರ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿ ಐ.ಎಫ್.ಎ. ಶೀಲ್ಡ್ ಗೆದ್ದಿತು. ಹತ್ತು ಜನ ಬರಿಗಾಲಿನವರು. ಬೂಟು ತೊಟ್ಟಿದ್ದವರು ಒಬ್ಬರೇ, ಸುಧೀರ್ ಚಟರ್ಜಿ. ಅವರು ಕ್ರೈಸ್ತರು, ರೆವರೆಂಡ್ ಸುಧೀರ್ ಚಟರ್ಜಿ ಎಂದೇ ಚರಿತ್ರೆ ಅವರನ್ನು ನೆನೆಯುತ್ತದೆ. ಆ ಬೂಟಿನ ಜೋಡಿಯಿಂದಾಗಿ ಅವರು ತಂಡಕ್ಕೆ ಹೊರಗಿನವರಾಗಲಿಲ್ಲ. ಉಳಿದವರ ಬರಿಗಾಲಿನಿಂದಾಗಿ ತಂಡಕ್ಕೆ ಸೋಲೂ ಆಗಲಿಲ್ಲ.

1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ತಂಡ ಫ್ರಾನ್ಸನ್ನು ಎದುರಿಸಿತು. ನಾಯಕ ಡಾ. ತಾಲಿಮೆರೆನ್ ಆವೊ ನಾಗಾ ಪ್ರದೇಶದ ಬ್ಯಾಪ್ಟಿಸ್ಟ್ ಪಾದ್ರಿಯೊಬ್ಬರ ಮಗ. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿಯೇ ಆಡಿದರು. ಎರಡು ಪೆನಾಲ್ಟಿಗಳು ಕೈತಪ್ಪಿದವು. ಪಂದ್ಯದ ಕೊನೆಯ ಗಳಿಗೆಯಲ್ಲಿ ಫ್ರಾನ್ಸ್ 2-1ರಿಂದ ಗೆದ್ದಿತು. ಭಾರತದ ಆ ಒಂದು ಗೋಲು ಹೊಡೆದವರು ಮೈಸೂರಿನ ಪರ ಆಡುತ್ತಿದ್ದ ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದ ಆಟಗಾರರ ಪಟ್ಟಿಯಲ್ಲಿ ಸಂಜೀವ ಉಚ್ಚಿಲ್ ಎಂಬ ಗೋಲ್‌ಕೀಪರನ ಹೆಸರಿದೆ. ಕಾಪುವಿನಿಂದ ಪಡುಬಿದ್ರಿಗೆ ಹೋಗುವ ದಾರಿಯಲ್ಲಿ ಉಚ್ಚಿಲವನ್ನು ದಾಟಿ ಬೆಳೆದ ನಮ್ಮವರಿಗೆ ಆ ಹೆಸರು ಕೇಳಿ ಕಿವಿ ನೆಟ್ಟಗಾಗದಿರದು.

1950ರ ವಿಶ್ವಕಪ್ಪಿಗೆ ಭಾರತ ಹೋಗದಿರಲು ಬರಿಗಾಲಿಗೆ ಅನುಮತಿ ಸಿಗದಿದ್ದದ್ದೇ ಕಾರಣವೆಂಬ ಮಾತು ಎಲ್ಲ ಕಡೆ ಹಬ್ಬಿದೆ. ಅಂದಿನ ಹಿರಿಯ ಆಟಗಾರ ಶೈಲೇನ್ ಮನ್ನಾ ಅವರೇ ಅದನ್ನು ಅಲ್ಲಗಳೆದಿದ್ದರು. ಹಡಗಿನ ದೂರದ ಪಯಣ, ಅಭ್ಯಾಸಕ್ಕೆ ಸಮಯದ ಕೊರತೆ, ವಿಶ್ವಕಪ್ಪಿಗಿಂತ ಒಲಿಂಪಿಕ್ಸೇ ದೊಡ್ಡದೆಂಬ ಅಂದಿನ ಆಡಳಿತದ ಎಣಿಕೆ, ಇವೇ ನಿಜವಾದ ಕಾರಣಗಳು. ಆದರೂ ಬರಿಗಾಲಿನ ಕಥೆಯನ್ನೇ ಜನ ಪ್ರೀತಿಯಿಂದ ಹೇಳುತ್ತಾರೆ. ಬಡವನ ಕಾಲಿನ ಮೇಲೆ ತಪ್ಪು ಹೊರಿಸುವುದು ಸುಲಭ, ಸಮಿತಿಯ ಮೇಜಿನ ಮೇಲೆ ಹೊರಿಸುವುದು ಕಷ್ಟ. ಎರಡು ವರ್ಷಗಳ ಬಳಿಕ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ ನಮ್ಮನ್ನು 10-1ರಿಂದ ಸೋಲಿಸಿತು. ಅನಂತರ ನಮ್ಮ ದೇಶದಲ್ಲಿ ಬೂಟು ಕಡ್ಡಾಯವಾಯಿತು. ಇಂದು ನಿಯಮ ನಾಲ್ಕರ ಪ್ರಕಾರ ಅಂಗಿ, ಚಡ್ಡಿ, ಕಾಲುಚೀಲ, ಮೊಣಕಾಲ ಕೆಳಗಿನ ಎಲುಬನ್ನು ಕಾಯುವ ಪಟ್ಟಿ, ಪಾದರಕ್ಷೆ, ಇವು ಐದೂ ಇಲ್ಲದೆ ಯಾರೂ ಅಂಕಣಕ್ಕಿಳಿಯುವಂತಿಲ್ಲ.

ನಮ್ಮ ಕಡೆ ಬರಿಗಾಲಿಗೆ ಭಕ್ತಿಯ ಅರ್ಥವೂ ಇದೆ. ದೈವದ ಗುಡಿಗೆ, ಮಸೀದಿಗೆ ಪಾದರಕ್ಷೆ ಕಳಚಿಯೇ ಹೋಗುತ್ತೇವೆ. ಮೋಶೆಗೆ ಉರಿಯುವ ಪೊದೆಯ ಮುಂದೆ ಅದೇ ಆಜ್ಞೆಯಾಯಿತು. ಆದರೆ ತಾನಾಗಿ ಕಳಚುವುದು ಬೇರೆ, ಕಳಚಲು ಇಲ್ಲದಿರುವುದು ಬೇರೆ.

ಕಳೆದ ಮಳೆಗಾಲದಲ್ಲಿ, ಎಲ್ಲರೂ ಪ್ರಶ್ನೆ ಕೇಳಿ ಹೋದ ಮೇಲೆ, ಹದಿಮೂರರ ಹುಡುಗನೊಬ್ಬ ಕಂಬಕ್ಕೆ ಒರಗಿ ನಿಂತೇ ಇದ್ದ. "ಫಾದರ್, ಆಡುವಾಗ ಬೂಟು ಕಳಚಿ ಹೋದರೆ? ಆ ಬರಿಗಾಲಿನಿಂದಲೇ ಹೊಡೆದರೆ ಅದು ಗೋಲೇ, ಅಲ್ಲವೇ?" ಉತ್ತರ ಪುಸ್ತಕದಲ್ಲಿ ಸ್ಪಷ್ಟವಾಗಿದೆ. ಬೂಟು ಆಕಸ್ಮಿಕವಾಗಿ ಕಳಚಿದರೆ ಆಟ ನಿಲ್ಲಬೇಕಾಗಿಲ್ಲ. ಚೆಂಡು ಮುಂದೆ ಗೆರೆ ದಾಟಿ ಹೊರಹೋಗುವುದರೊಳಗೆ ಅದನ್ನು ಮತ್ತೆ ತೊಟ್ಟುಕೊಳ್ಳಬೇಕು. ಅಷ್ಟರೊಳಗೆ ಅವನು ಚೆಂಡನ್ನು ಹೊಡೆದು ಗೋಲಾದರೆ ಆ ಗೋಲು ಸಲ್ಲುತ್ತದೆ. ಇದನ್ನು ಹೇಳಿದಾಗ ಅವನ ಮುಖದಲ್ಲಿ ಮೂಡಿದ ನೆಮ್ಮದಿ ಒಂದು ಕುತೂಹಲದ ಪ್ರಶ್ನೆಗೆ ಸಲ್ಲುವಷ್ಟೇ ಆಗಿರಲಿಲ್ಲ. "ಯಾಕೆ ಮಗಾ ಕೇಳಿದ್ದು?" ಎಂದು ಎರಡು ಸಲ ವಿಚಾರಿಸಿದ ಮೇಲೆ ಹೇಳಿದ. ಶಾಲೆಗಳ ಪಂದ್ಯಕ್ಕೆ ಅವನ ಹೆಸರು ಬಂದಿದೆ. ಬೂಟು ಮುಂಬಯಿಯಲ್ಲಿ ಹೋಟೆಲ್ ಕೆಲಸದಲ್ಲಿರುವ ದೊಡ್ಡಪ್ಪನ ಮಗನದು. ಎರಡು ಅಳತೆ ದೊಡ್ಡದು. ತುದಿಗೆ ಹಳೆಯ ಪತ್ರಿಕೆಯನ್ನು ತುರುಕಿ ಕಟ್ಟಿಕೊಂಡರೂ ಜೋರಾಗಿ ಒದ್ದರೆ ಚೆಂಡಿನೊಂದಿಗೆ ಬೂಟೂ ಹಾರುತ್ತದೆ. ತಾಯಿ ಬೀಡಿ ಕಟ್ಟುತ್ತಾರೆ. ಕೇಳಲು ಅವನಿಗೆ ಮನಸ್ಸಿಲ್ಲ. ಬೂಟು ಹಾರಿದರೆ ಆಟದಿಂದ ಹೊರಗೆ ಕಳುಹಿಸುತ್ತಾರೋ ಎಂಬ ಒಂದೇ ಚಿಂತೆ ಅವನನ್ನು ಆ ಕಂಬಕ್ಕೆ ಒರಗಿಸಿತ್ತು.

ಅದೇ ದಿನಗಳಲ್ಲಿ ನಮ್ಮ ಯುವಕರು ಹೊಸ ಜೆರ್ಸಿಗಳ ಯೋಜನೆಯಲ್ಲಿದ್ದರು. ದುಬಾಯಿಯಲ್ಲಿರುವ ದಾನಿಯೊಬ್ಬರು ಹಣ ಕೊಡಲೊಪ್ಪಿದ್ದರು. ಎದೆಯ ಮೇಲೆ ಊರ ಹೆಸರು, ತೋಳಿನ ಮೇಲೆ ದಾನಿಯ ಹೆಸರು, ಬೆನ್ನಿನ ಮೇಲೆ ಪ್ರತಿಯೊಬ್ಬನ ಹೆಸರು. ಬೆನ್ನಿನ ಹೆಸರನ್ನು ಬಿಟ್ಟು, ಉಳಿದ ಹಣಕ್ಕೆ ಒಂದಿಷ್ಟು ಕೂಡಿಸಿ ಬೂಟು ಕೊಳ್ಳೋಣವೆಂದು ನಾನು ಸಭೆಯಲ್ಲಿ ಹೇಳಿದೆ. ಮೌನ. ಬಳಿಕ ಹಿರಿಯರೊಬ್ಬರು ಲೆಕ್ಕದ ಮಾತಾಡಿದರು: "ಫಾದರ್, ಮಕ್ಕಳ ಕಾಲು ಬೆಳೆಯುತ್ತದೆ. ಇವತ್ತು ಕೊಟ್ಟ ಬೂಟು ಮುಂದಿನ ಜೂನಿಗೆ ಆಗುವುದಿಲ್ಲ. ಅಂಗಿಯಾದರೆ ನಾಲ್ಕು ವರ್ಷ ಬಾಳುತ್ತದೆ." ಮಾತಿನಲ್ಲಿ ಹುರುಳಿತ್ತು. ಆಗ ಬಾಲ್ಯದಲ್ಲಿ ಪುಸ್ತಕ ಕೊಳ್ಳಲಾಗದೆ ವಾಚನಾಲಯದಲ್ಲಿ ಓದಿದ ಯುವತಿಯೊಬ್ಬಳು ಎದ್ದು, "ಹಾಗಾದರೆ ಬೂಟು ಯಾರಿಗೂ ಕೊಡುವುದು ಬೇಡ, ಎಲ್ಲರಿಗೂ ಇಡೋಣ" ಎಂದಳು. ಎಂಟು ಜೋಡಿ, ಬೇರೆ ಬೇರೆ ಅಳತೆಯವು. ಆಡಲು ಹೋಗುವವನು ಬರೆದು ಒಯ್ಯುವುದು, ತೊಳೆದು ಒಣಗಿಸಿ ತಂದಿಡುವುದು. ಕಾಲು ಬೆಳೆದರೆ ಮುಂದಿನ ಅಳತೆ. ಬೆನ್ನಿನ ಹೆಸರು ಹೋಯಿತೆಂದು ಇಬ್ಬರು ಯುವಕರು ಒಂದು ತಿಂಗಳು ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ದಾನಿಗಳು ಮಾತ್ರ ಫೋನಿನಲ್ಲಿ ನಕ್ಕು, ತೋಳಿನ ಮೇಲಿನ ತಮ್ಮ ಹೆಸರನ್ನೂ ಬಿಟ್ಟುಬಿಡಿ ಎಂದರು.

ಮರೆತದ್ದು ಕಾಲಿನ ಪಟ್ಟಿಯನ್ನು. ಪಂದ್ಯದ ಹಿಂದಿನ ಸಂಜೆ ನೆನಪಾದಾಗ ಕಾರ್ಕಳದ ಅಂಗಡಿಗಳು ಮುಚ್ಚಿದ್ದವು. ಈ ಪಟ್ಟಿಯನ್ನು ಮೊದಲು ಕಂಡುಹಿಡಿದ ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡದ ಸ್ಯಾಮ್ ವಿಡೋಸನ್ 1874ರಲ್ಲಿ ಮಾಡಿದ್ದೂ ಮನೆಯಲ್ಲಿದ್ದುದನ್ನೇ ಕತ್ತರಿಸಿ. ಕ್ರಿಕೆಟ್ಟಿನ ಪ್ಯಾಡನ್ನು ಗಿಡ್ಡಮಾಡಿ ಕಾಲುಚೀಲದ ಮೇಲೆ ಕಟ್ಟಿಕೊಂಡಿದ್ದರು. ನಮ್ಮ ಹುಡುಗರಿಗೆ ಈ ಕಥೆಯನ್ನು ನಾನು ಹೇಳಿದ್ದೆನೇ ಹೊರತು ಉಪಾಯ ಹೇಳಿಕೊಟ್ಟಿರಲಿಲ್ಲ. ಮರುದಿನ ಅಂಕಣದ ಬದಿಯಲ್ಲಿ ತೀರ್ಪುಗಾರರು ಒಬ್ಬೊಬ್ಬರ ಉಡುಗೆ ಪರಿಶೀಲಿಸುತ್ತ ಬಂದರು. ಆ ಹುಡುಗನ ಕಾಲಿನಲ್ಲಿ ಸರಿಯಳತೆಯ ಬೂಟಿತ್ತು. ಕಾಲುಚೀಲವನ್ನು ಕೆಳಗೆಳೆದು ನೋಡಿದರೆ, ಒಳಗೆ ಅಂಚನ್ನು ಕತ್ತಿಯಿಂದ ಹೆರೆದು ನಯಮಾಡಿದ, ಕಾಲಿನ ಆಕಾರಕ್ಕೇ ಬಾಗಿದ ಎರಡು ಪದರದ ಅಡಕೆ ಹಾಳೆ. ತೀರ್ಪುಗಾರರು ಅದನ್ನು ಹೊರತೆಗೆದು ಬಾಗಿಸಿದರು, ಬೆರಳಿನಿಂದ ತಟ್ಟಿದರು, ಅಂಚನ್ನು ಸವರಿದರು. ನಿಯಮದಲ್ಲಿರುವುದು ಇಷ್ಟೇ: ತಕ್ಕ ವಸ್ತುವಿನದಾಗಿರಬೇಕು, ತಕ್ಕಷ್ಟು ರಕ್ಷಣೆ ಕೊಡಬೇಕು, ಕಾಲುಚೀಲ ಅದನ್ನು ಮುಚ್ಚಿರಬೇಕು.

"ಇದು ಎಲ್ಲಿಂದ?" ಎಂದು ತುಳುವಿನಲ್ಲಿ ಕೇಳಿದರು.

"ತೋಟದಲ್ಲಿ ಬಿದ್ದಿತ್ತು ಸರ್."

"ಕಾಲುಚೀಲ ಮೇಲೆಳೆದುಕೋ" ಎಂದು ಹೇಳಿ ಅವರು ಮುಂದಿನ ಹುಡುಗನ ಕಡೆ ಹೋದರು.